ಹುಲಿ ಕೂಗುವ ಕಾಡಿನಲ್ಲಿ ಸಂಸ್ಕೃತ

ಕಾರ್ಕಳ ದಾಟಿ ಮಾಳದ ಘಾಟಿ ಹತ್ತತೊಡಗಿದರೆ ಕರಾವಳಿಯ ಬಿಸಿಲು ಕೆಳಗೇ ಉಳಿಯುತ್ತದೆ. ಮೇಲೆ ಕುದುರೆಮುಖದ ಹುಲ್ಲುಬೆಟ್ಟಗಳು, ಸಂದಿಗೊಂದಿಯಲ್ಲೆಲ್ಲ ಶೋಲಾ ಕಾಡು. ಅದರೊಳಗೆಲ್ಲೋ ಗಂಗಾಮೂಲ. ತುಂಗೆ, ಭದ್ರೆ, ನೇತ್ರಾವತಿ ಮೂವರಿಗೂ ಅದೇ ತವರು. ಇಬ್ಬರು ಘಟ್ಟದ ಮೇಲಿನ ಸೀಮೆಗೆ ಹರಿದರೆ ಒಬ್ಬಳು ಕಡಲಿಗಿಳಿಯುತ್ತಾಳೆ. ಜನ ಬರುವುದು ಆ ನೀರಿಗಾಗಿ. ನನ್ನ ತಲೆಯಲ್ಲಿದ್ದದ್ದು ಮಾತ್ರ 1858ರ ಏಪ್ರಿಲ್. ಪಂಡಿತಾ ರಮಾಬಾಯಿ ಹುಟ್ಟಿದ್ದು ಈ ಕಾಡಿನಲ್ಲಿ.

ಉಂಬಳ, ಮಂಜು, ಜಡಿಮಳೆ. ಇಲ್ಲಿ ಯಾರಾದರೂ ಸಂಸಾರ ಹೂಡುತ್ತಾರೆಯೇ? ಹೂಡಿದವರು ರಮಾಬಾಯಿಯ ತಂದೆ, ಮಾಳದ ಅನಂತಶಾಸ್ತ್ರಿ ಡೋಂಗ್ರೆ. ಪುಣೆಯಲ್ಲಿ ಪೇಶ್ವೆಯ ಹೆಂಡತಿ ಸಂಸ್ಕೃತ ಕಲಿಯುವುದನ್ನು ಕಂಡು ಬಂದಿದ್ದ ಆತನಿಗೆ ತನ್ನ ಹೆಂಡತಿಗೂ ಕಲಿಸುವ ಹುಚ್ಚು. ಮನೆಯವರು ಒಪ್ಪಲಿಲ್ಲ, ಅದಕ್ಕೇ ಕಾಡು ಸೇರಿದ. ಹೆಂಗಸಿಗೆ ಪಾಠ ಹೇಳಿದ್ದಕ್ಕೆ ಉಡುಪಿಯ ಪಂಡಿತರ ಸಭೆಗೂ ಸಮಜಾಯಿಷಿ ಕೊಡಬೇಕಾಯಿತು. ಶಾಸ್ತ್ರವಾಕ್ಯಗಳನ್ನೇ ಮುಂದಿಟ್ಟು ಗೆದ್ದು ಬಂದ.

ಆದರೆ ಆ ಹೆಂಡತಿ ಲಕ್ಷ್ಮೀಬಾಯಿಗೆ ಮದುವೆಯಾದಾಗ 9 ವರ್ಷ, ಆತನಿಗೆ 44. ಗೋದಾವರಿ ತೀರದಲ್ಲಿ ಯಾತ್ರೆಗೆ ಬಂದಿದ್ದ ತಂದೆ, ಹಿಂದಿನ ದಿನವಷ್ಟೇ ಕಂಡವನಿಗೆ ಮಗಳನ್ನು ಧಾರೆ ಎರೆದುಬಿಟ್ಟಿದ್ದ. ಕಾಡಿಗೆ ಬಂದ ಮೊದಲ ರಾತ್ರಿ ಕಣಿವೆಯಾಚೆ ಹುಲಿ ಅಬ್ಬರಿಸುತ್ತಿದ್ದರೆ ಹುಡುಗಿ ಕೌದಿ ಸುತ್ತಿಕೊಂಡು ಅಳುತ್ತ ಮಲಗಿದಳಂತೆ. ಗಂಡ ಬೆಳಕು ಹರಿಯುವವರೆಗೆ ಕಾವಲು ಕೂತನಂತೆ. ಅಕ್ಷರಕ್ಕಾಗಿ ಊರನ್ನೇ ಬಿಟ್ಟವನೂ ಅವನೇ, ಎಳೆಯ ಕೂಸನ್ನು ಕಟ್ಟಿಕೊಂಡವನೂ ಅವನೇ. ಒಂದನ್ನು ಮೆಚ್ಚಿ ಇನ್ನೊಂದನ್ನು ಮರೆಯಲು ನನಗೆ ಆಗುತ್ತಿಲ್ಲ.

ರಮಾಬಾಯಿ ಇಲ್ಲಿದ್ದದ್ದು ಆರೇ ತಿಂಗಳು. ಬೆತ್ತದ ಬುಟ್ಟಿಯಲ್ಲಿ, ಆಳಿನ ತಲೆಯ ಮೇಲೆ ಕೂತು ಕೂಸು ಘಟ್ಟ ಬಿಟ್ಟಿತು. ಹಾಗಾಗಿ ಈ ಮಣ್ಣೇ ಅವರನ್ನು ಬೆಳೆಸಿತು ಎಂದು ನಾವು ಬೀಗುವಂತಿಲ್ಲ. ಕಾಡು ಬೆಳೆಸಿದ್ದು ತಾಯಿಯನ್ನು. ಆಕೆ ಇಲ್ಲಿ ಕಲಿತದ್ದನ್ನು ತೀರ್ಥಕ್ಷೇತ್ರಗಳ ದಾರಿಯಲ್ಲಿ ಮಗಳಿಗೆ ಬಾಯಿಪಾಠ ಮಾಡಿಸಿದಳು. ಬರಗಾಲ ಅಪ್ಪ ಅಮ್ಮನನ್ನು ತಿಂದಿತು. ಅಣ್ಣನೊಂದಿಗೆ ದೇಶ ನಡೆದ ರಮಾಬಾಯಿ 1878ರಲ್ಲಿ ಕಲ್ಕತ್ತೆಯ ವಿದ್ವಾಂಸರ ಎದುರು ನಿಂತಾಗ ಇಪ್ಪತ್ತರ ಹರೆಯ. ‘ಪಂಡಿತಾ’ ಎಂಬ ಬಿರುದು ಸಿಕ್ಕಿದ್ದು ಅಲ್ಲೇ. ಜಾತಿ ಮೀರಿ ಬಂಗಾಳಿ ವಕೀಲರ ಕೈಹಿಡಿದರು, ಎರಡು ವರ್ಷ ತುಂಬುವುದರೊಳಗೆ ವಿಧವೆಯಾದರು. ಇಂಗ್ಲೆಂಡಿನಲ್ಲಿ ಕ್ರೈಸ್ತರಾದದ್ದನ್ನು ಪುಣೆಯ ಬಹುಮಂದಿ ಕ್ಷಮಿಸಲೇ ಇಲ್ಲ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಅವರು ತೆರೆದ ಶಾಲೆಯೇ ಶಾರದಾ ಸದನ. ಅಲ್ಲಿ ಓದಿದ ಮೊದಲ ವಿಧವೆ ಗೋದೂಬಾಯಿ, ಎಂಟನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. 1893ರಲ್ಲಿ ಆಕೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದಳು. ಆ ಕರ್ವೆ 1916ರಲ್ಲಿ ಹೆಂಗಸರಿಗೆಂದೇ ಒಂದು ವಿಶ್ವವಿದ್ಯಾಲಯ ಕಟ್ಟಿದರು.