ನಮ್ಮ ಪೆಡಲ್ ಕಲಿಸಿದ ಪಾಠ



ನಮ್ಮ ಗಾಯನ ಮಂಡಳಿಯ ಹಳೆಯ ಗಿಟಾರ್ ಆಂಪ್ ಜೋರು ಮಾಡಿದರೆ ಮುಂದಿನ ಬೆಂಚಿನ ಅಜ್ಜಿಯಂದಿರಿಗೆ ಹಾಡಿನ ಮಾತೇ ಕೇಳಿಸುತ್ತಿರಲಿಲ್ಲ. ಅದಕ್ಕೆ ಎಲ್ಲರೂ ಹಣ ಕೂಡಿಸಿ, ಮಂಗಳೂರಿಗೆ ಹೋಗಿ ಆಂಪ್ ಸಿಮ್ಯುಲೇಟರ್ ಪೆಡಲ್ ತಂದೆವು. ಗಿಟಾರ್‌ನಿಂದ ಪೆಡಲ್‌ಗೆ, ಅಲ್ಲಿಂದ ನೇರ ಮಿಕ್ಸರ್‌ಗೆ. ಆಂಪ್ ಹೊರುವ ಕೆಲಸವೇ ಇಲ್ಲ.

ಮೊದಲ ಭಾನುವಾರ ಡ್ರೈವ್ ಹಾಕಿದ ಕೂಡಲೇ ಜೇನುಗೂಡು ಕೆದಕಿದಂಥ ಸೌಂಡ್. ನುಡಿಸಿದ ಪ್ಲಸ್ ಟು ಹುಡುಗನಿಗೆ "ಪ್ರಾಕ್ಟೀಸ್ ಸಾಲದು" ಎಂದು ಎಲ್ಲರೆದುರು ಗದರಿದೆವು. ಮುಂದಿನ ವಾರ ಅವನು ಬರಲಿಲ್ಲ.

ಹಾಡು ರೆಕಾರ್ಡ್ ಮಾಡಲು ಕುಳಿತಾಗ ಗೊತ್ತಾಯಿತು, ಪೆಡಲಿನ ಕ್ಯಾಬಿನೆಟ್ ಸಿಮ್ಯುಲೇಶನ್ ಆಫ್ ಇತ್ತು. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ತೀರಾ ಕಡಿಮೆ ಹೊರಬಿಡುತ್ತದೆ. ಚರ್ಚಿನ ಸ್ಪೀಕರ್ ಎಲ್ಲವನ್ನೂ ಬಿಡುತ್ತದೆ. ಹಾಗಾಗಿ ಮಿಕ್ಸರ್‌ಗೂ ರೆಕಾರ್ಡಿಂಗ್‌ಗೂ ಅದು ಆನ್ ಇರಬೇಕು. ಗಿಟಾರ್ ಆಂಪ್‌ಗೆ ಜೋಡಿಸಿದರೆ ಆಫ್ ಮಾಡಬೇಕು.

ಆ ಸಂಜೆಯೇ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವನ ಅಮ್ಮ ಚಾ ಕೊಟ್ಟರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೆಡಲ್ ತಂದಿದ್ದೀರಾ?" ಎಂದ.

ಈಗಿನ ರೆಕಾರ್ಡಿಂಗ್‌ನಲ್ಲಿರುವುದು ಅವನದೇ ಗಿಟಾರ್. ಇನ್ನು ಮುಂದೆ ಸೌಂಡ್ ಕೆಟ್ಟರೆ ನಾವು ಮೊದಲು ಸ್ವಿಚ್ಚು, ವಯರು ನೋಡುತ್ತೇವೆ.