ಏರಿ ಮೇಲೆ ಕೂರುತ್ತಿದ್ದ ಊರು

ಬಿಟಿಎಂ ಲೇಔಟ್ ಅನ್ನುವುದನ್ನು ಬಿಡಿಸಿ ಹೇಳಿ ಎಂದರೆ, ಅಲ್ಲೇ ಇಪ್ಪತ್ತು ವರ್ಷದಿಂದ ಮನೆ ಮಾಡಿಕೊಂಡವರೂ ಒಂದು ಗಳಿಗೆ ತಡೆಯುತ್ತಾರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಹಳ್ಳಿಗಳ ಹೆಸರು. ತಾವರೆಕೆರೆಯಲ್ಲಿ ಕೆರೆ ಬಾಯಿಬಿಟ್ಟೇ ಹೇಳುತ್ತದೆ. ಬೈರಸಂದ್ರದ ‘ಸಂದ್ರ’ ಅಂದರೆ ಸಮುದ್ರ. ಕಡಲು ಕಾಣದ ನಮ್ಮ ಹಿರಿಯರು ತಾವು ಕಟ್ಟಿದ ಕೆರೆಯನ್ನೇ ಸಮುದ್ರವೆಂದು ಕರೆದರು. ಚಿಕ್ಕಲ್ಲಸಂದ್ರದಲ್ಲಿ ಉಳಿದಿರುವುದೂ ಅದೇ ಪದ. ಮಡಿವಾಳದ ಕೆರೆಗೆ ಇವತ್ತಿಗೂ ಹೆಜ್ಜಾರ್ಲೆಗಳು ಬಂದಿಳಿಯುತ್ತವೆ. ಇಷ್ಟೆಲ್ಲ ನೀರು ಮೂರು ಇಂಗ್ಲಿಷ್ ಅಕ್ಷರಗಳೊಳಗೆ ಸೇರಿಹೋಯಿತಲ್ಲ ಎಂದು, ಆ ಬೋರ್ಡು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನನ್ನ ತಾಯಿಯ ತವರು ಸಾರಕ್ಕಿ ಕಡೆ. ಜೆ.ಪಿ. ನಗರ ಎಂಬ ಹೆಸರು ಹುಟ್ಟುವ ಮುಂಚಿನ ಮಾತು. ದಸರಾ ರಜೆಗೆ ಜಯನಗರದಿಂದ ನಡೆದೇ ಹೋಗುತ್ತಿದ್ದೆವು. ತಾತನಿಗೆ ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಆಚೆ ದಿಣ್ಣೆಯಲ್ಲಿ ರಾಗಿ ಹೊಲ. ಊರಿಗೊಬ್ಬ ನೀರುಗಂಟಿ. ನಾವು ಮಕ್ಕಳು ಅವನನ್ನು ‘ನೀರುಗಂಟಿ ತಾತ’ ಎನ್ನುತ್ತಿದ್ದೆವು, ಸ್ವಂತ ಹೆಸರು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತೂಬು ಎತ್ತುವುದು, ಇಳಿಸುವುದು, ಕಾಲುವೆಯ ಹೂಳು ಬಳಿಯುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಕಾಯುವುದು ಅವನ ಕೆಲಸ. ಜೋರು ಮಳೆಯ ರಾತ್ರಿ ಲಾಟೀನು ಹಿಡಿದು ಏರಿಯುದ್ದಕ್ಕೂ ನಡೆಯುತ್ತಿದ್ದ. ಎಲ್ಲಾದರೂ ಜಿನುಗಿದ ಸದ್ದು ಕೇಳಿದರೆ ಊರನ್ನೇ ಎಬ್ಬಿಸುತ್ತಿದ್ದ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನ ಪಾಲಿನ ಭತ್ತ ಸಲ್ಲುತ್ತಿತ್ತು.

ಎಲ್ಲರ ಗದ್ದೆಗೂ ನೀರು ಹಂಚುತ್ತಿದ್ದ ಆ ಮನುಷ್ಯ ಊರ ಬಾವಿಯ ಗಡಗಡೆ ಮುಟ್ಟುವಂತಿರಲಿಲ್ಲ. ಅವನ ಮನೆ ಊರಾಚೆಯ ಕೇರಿಯಲ್ಲಿತ್ತು. ಇದನ್ನು ಮರೆಮಾಡಿ ಆ ಕಾಲವನ್ನು ಕೊಂಡಾಡಲು ನನಗೆ ಮನಸ್ಸು ಬಾರದು. ವಂಶಪಾರಂಪರ್ಯದ ಹಳ್ಳಿ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಆಗಬೇಕಾದದ್ದೇ ಆಯಿತು. ಆಮೇಲೂ ಕೆಲವು ವರ್ಷ ಅವನು ವಾಡಿಕೆಯಂತೆ ತೂಬಿಗೆ ಹೋಗಿ ಬರುತ್ತಿದ್ದ. ಹುದ್ದೆ ಹೋಗಲಿ, ಅವನಿಗೆ ಗೊತ್ತಿದ್ದುದನ್ನಾದರೂ ನಾವು ಬರೆದಿಟ್ಟುಕೊಳ್ಳಬೇಕಿತ್ತು.

ಚಿತ್ತೆ ಮಳೆ ಕೈಕೊಟ್ಟ ಒಂದು ವರ್ಷ ನನಗೆ ಚೆನ್ನಾಗಿ ನೆನಪಿದೆ. ಸಂಜೆ ಗಂಡಸರೆಲ್ಲ ಏರಿಯ ಮೇಲೆ ಕೂತಿದ್ದರು, ತಾತನ ಮಗ್ಗುಲಿಗೆ ನಾನು. ನೀರುಗಂಟಿ ತಾತ ತೂಬಿನ ಬಳಿ ಇಳಿದು, ಮುಳುಗಿದ ಮೆಟ್ಟಿಲುಗಳನ್ನು ಕಾಲಿನಿಂದಲೇ ತಡವಿ ಎಣಿಸಿ ಬಂದು, “ಮೂರೇ ಮೆಟ್ಲು ಐತೆ ಸ್ವಾಮಿ” ಅಂದ. ಆ ಮೂರು ಮೆಟ್ಟಿಲ ಮೇಲೆ ಇಡೀ ವರ್ಷದ ಲೆಕ್ಕ ನಡೆಯಿತು. ದನಕರುಗಳಿಗೆ ಬೇಸಿಗೆವರೆಗೆ ಎಷ್ಟು ಬಿಡಬೇಕು, ಉಳಿದದ್ದರಲ್ಲಿ ಎಷ್ಟು ಗದ್ದೆ ನಾಟಿ ಮಾಡಬಹುದು. ಕೊನೆಗೆ ಆದ ತೀರ್ಮಾನ ಇದು: ಈ ಸಲ ಭತ್ತ ತೂಬಿನ ಹತ್ತಿರದ ಗದ್ದೆಗಳಲ್ಲಿ ಮಾತ್ರ. ಗದ್ದೆ ಯಾರದೇ ಇರಲಿ, ಅಚ್ಚುಕಟ್ಟಿನಲ್ಲಿ ಜಮೀನಿದ್ದ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕ ಹಾಗೆ ಅಲ್ಲೇ ಒಂದೊಂದು ಪಾಲು. ಹಳೆ ಮೈಸೂರು ಸೀಮೆಯಲ್ಲಿ ಈ ಪದ್ಧತಿಗೆ ದಾಮಾಶ ಎನ್ನುತ್ತಿದ್ದರು ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ.

ತಾತನ ಗದ್ದೆ ತೂಬಿನ ಬುಡಕ್ಕೇ ಇತ್ತು. ಅರ್ಧದಷ್ಟು ಬೇರೆಯವರ ಪಾಲಿಗೆ ಹೋಯಿತು. ಏರಿಯ ಮೇಲೆ ಹೂಂ ಅಂದು ಬಂದವನು ಮನೆಯಲ್ಲಿ ಗೊಣಗತೊಡಗಿದ. ಮುದ್ದೆ ತೊಳಸುತ್ತಿದ್ದ ಅಜ್ಜಿ ತಿರುಗಿಯೂ ನೋಡದೆ, “ನೀರೇನು ನಿಮ್ಮಪ್ಪಂದಾ?” ಅಂದಳು. ತಾತ ತಣ್ಣಗಾದ.

ಇಂಥ ಎಚ್ಚರ ಸುಮ್ಮನೆ ಬಂದದ್ದಲ್ಲ. ಬೆಂಗಳೂರಿಗೆ ದೊಡ್ಡ ಹೊಳೆಯಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತ ಊರು, ಬಿದ್ದ ಮಳೆಯೆಲ್ಲ ಇಳಿದು ಹೋಗುವಂಥದ್ದು. ದಕ್ಷಿಣದ ಬಡಾವಣೆಗಳಲ್ಲೇ ನೋಡಿ: ಹೊಸಕೆರೆಹಳ್ಳಿಯ ಕಡೆ ಬಿದ್ದದ್ದು ವೃಷಭಾವತಿಗೆ ಸೇರಿ, ಅರ್ಕಾವತಿಯಾಗಿ, ಸಂಗಮದಲ್ಲಿ ಕಾವೇರಿ ಸೇರುತ್ತದೆ. ಮಡಿವಾಳದ ಕಡೆ ಬಿದ್ದದ್ದು ಅಗರ, ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡಿಗೆ ಹೋಗುತ್ತದೆ. ಇಳಿದು ಹೋಗುವ ಈ ನೀರನ್ನು ಹೆಜ್ಜೆಹೆಜ್ಜೆಗೆ ತಡೆದು ನಿಲ್ಲಿಸಿದ್ದೇ ಕೆರೆಗಳ ಸಾಲು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಅಗರದಲ್ಲಿ ಸಿಕ್ಕಿರುವ 9ನೇ ಶತಮಾನದ ಗಂಗರ ಕಾಲದ ಶಾಸನ ಕೆರೆಗಳಿಗೆ ತೂಬು ಮಾಡಿಸಿದ್ದನ್ನು ಹೇಳುತ್ತದೆ. ಮಡಿವಾಳದ ಸೋಮೇಶ್ವರ ದೇವಸ್ಥಾನದ ಗೋಡೆಯ 1247ರ ತಮಿಳು ಶಾಸನದಲ್ಲಿ ಬೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯ ಮಾತು ಬರುತ್ತದೆ. ಭೂಮಿಯ ಗುರುತು ಹೇಳಬೇಕಾದರೂ ಕೆರೆಯೇ ಬೇಕಾಗಿತ್ತು.

ಆಮೇಲೆ ಕೊಳಾಯಿ ಬಂತು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ಪಂಪಿನಲ್ಲಿ ಎತ್ತಿ ತರುತ್ತಾರೆ. ಕೊಳಾಯಿಯಲ್ಲಿ ನೀರು ಬಂದ ಮೊದಲ ದಿನ ನನ್ನ ತಾಯಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು. ಬಿಂದಿಗೆ ಹೊತ್ತ ಸೊಂಟಕ್ಕೆ ಅದು ಎಂಥ ಬಿಡುಗಡೆ ಎಂದು ನನಗೆ ಗೊತ್ತು. ಆದರೆ ನೀರು ದೂರದಿಂದ ಬರತೊಡಗಿದ ಮೇಲೆ ಹತ್ತಿರದ ನೀರು ಯಾರಿಗೂ ಬೇಡವಾಯಿತು. ಪೇಟೆಯ ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಬಸವನಗುಡಿಯ ಕಾರಂಜಿ ಕೆರೆ ಇದ್ದುದಕ್ಕೆ ಸಾಕ್ಷಿಯಾಗಿ ಕಾರಂಜಿ ಆಂಜನೇಯ ನಿಂತಿದ್ದಾನೆ. ಕೆರೆಗಳನ್ನು ಒಡೆಯಬಾರದು, ಕೆರೆಗಳಾಗಿಯೇ ಉಳಿಸಬೇಕು ಎಂದು 1985ರಲ್ಲಿ ನೇಮಕವಾದ ಎನ್. ಲಕ್ಷ್ಮಣರಾವ್ ಸಮಿತಿ ಹೇಳಿತು. ಅಷ್ಟು ಹೊತ್ತಿಗೆ ಅಚ್ಚುಕಟ್ಟುಗಳೆಲ್ಲ ಸೈಟುಗಳಾಗಿದ್ದವು. ಗದ್ದೆಯಿಲ್ಲದ ಕೆರೆಗೆ ತೂಬು ಏಕೆ, ತೂಬಿಲ್ಲದ ಮೇಲೆ ನೀರುಗಂಟಿ ಏಕೆ?

2015ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವು ಮಾಡಿದರು. ನಾನೂ ಹೋಗಿ ನಿಂತಿದ್ದೆ. ಸಂತೋಷಪಡಬೇಕೆಂದೇ ಹೋದವನು, ಕಾಗದಪತ್ರ ಎದೆಗವಚಿಕೊಂಡು ಮನೆ ಮುಂದೆ ಕೂತಿದ್ದ ಹೆಂಗಸೊಬ್ಬರನ್ನು ಕಂಡು ಮಾತು ಹೊರಡದೆ ವಾಪಸು ಬಂದೆ. ಆ ನೆಲ ಕೆರೆಯದೆಂದು ಅವರಿಗೆ ಹೇಳುವವರು ಯಾರಿದ್ದರು?

ಪಕ್ಕದ ಪುಟ್ಟೇನಹಳ್ಳಿಯ ಕಥೆ ಸ್ವಲ್ಪ ಬೇರೆ. ಒಣಗಿ, ಕಟ್ಟಡದ ಅವಶೇಷ ಸುರಿಯುವ ಜಾಗವಾಗಿದ್ದ ಆ ಪುಟ್ಟ ಕೆರೆಯನ್ನು ಉಷಾ ರಾಜಗೋಪಾಲನ್ ಮತ್ತು ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಉಳಿಸಿಕೊಂಡರು. ಪಾಲಿಕೆ ಹೂಳೆತ್ತಿತು, ಇವರು ಕಾವಲು ಕಾದರು. ಮಳೆನೀರಿನ ದಾರಿಗಳನ್ನು ಹುಡುಕಿ ಬಿಡಿಸಿದರು, ಕಳೆ ಕಿತ್ತರು, ಗಿಡ ನೆಟ್ಟರು, ಹಕ್ಕಿ ಎಣಿಸಿದರು. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಅವರು ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ: ಈ ಮಳೆಗೆ ಎಷ್ಟು ಏರಿತು, ಯಾವ ಮೋರಿ ಕಟ್ಟಿಕೊಂಡಿದೆ. ಬಹಳ ವರ್ಷದ ಮೇಲೆ ಆ ಮಾತು ಕಿವಿಗೆ ಬಿದ್ದು ಗಂಟಲು ಕಟ್ಟಿತು.

ನಮ್ಮ ಬೀದಿಯಲ್ಲಿ ಅಂಥ ಮಾತಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬರಿದಾದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಬೇಕಾಯಿತು. ನಾವು ನಾಲ್ಕು ಮನೆಯವರಾದರೂ ಕೂತು ಇರುವುದನ್ನು ಹೇಗೆ ಹಂಚಿಕೊಳ್ಳೋಣ ಎಂದು ಕೇಳಿಕೊಳ್ಳಲಿಲ್ಲ. ಅವರವರ ಟ್ಯಾಂಕರಿಗೆ ಅವರವರು ಫೋನು ಮಾಡಿದೆವು, ನಾನೂ ಮಾಡಿದೆ. 40-60ರ ಸೈಟಿನ ಮೇಲೆ ವರ್ಷಕ್ಕೆ ಬೀಳುವ ಮಳೆ ಎರಡು ಲಕ್ಷ ಲೀಟರಿಗೂ ಹೆಚ್ಚು. 2009ರಿಂದ ಮಳೆಕೊಯ್ಲು ಕಾನೂನೇ ಆಗಿದೆ, ಜಯನಗರ 5ನೇ ಬ್ಲಾಕಿನಲ್ಲಿ ಅದನ್ನು ಕಲಿಸುವ ಪಾರ್ಕೂ ಇದೆ. ಮಾಡಿದವರು ಮಾಡಿದ್ದಾರೆ, ಒಳ್ಳೆಯದೇ. ಆದರೆ ತನ್ನ ಸೂರಿನ ನೀರು ತನ್ನ ಸಂಪಿಗೆ ಎಂಬಲ್ಲಿಗೆ ಆ ಲೆಕ್ಕ ನಿಂತುಬಿಡುತ್ತದೆ. ಕೋಡಿ ಬಿದ್ದ ಮೇಲೆ ಕೆಳಗಿನ ಊರಿಗೆ ಎಷ್ಟು ಹೋದೀತು ಎಂದು ಕೇಳುವ ಬಾಯಿ ಈಗಿಲ್ಲ.

ಹೋದ ವರ್ಷ ಒಂದು ಸಂಜೆ ಜೋರು ಮಳೆ. ನಮ್ಮ ಅಡ್ಡರಸ್ತೆಯಲ್ಲಿ ನೀರು ಮೊಣಕಾಲುದ್ದ ಹರಿಯಿತು. ಮೊಮ್ಮಗಳು ಗೇಟು ಹಿಡಿದು ನೋಡುತ್ತ, “ತಾತ, ಇದು ಎಲ್ಲಿಗೆ ಹೋಗುತ್ತೆ?” ಅಂದಳು. ಕೊಡೆ ತೆಗೆದುಕೊಂಡು ಅವಳ ಕೈ ಹಿಡಿದು ನೀರಿನ ಪಕ್ಕದಲ್ಲೇ ನಡೆದೆ. ಮೊದಲ ತಿರುವಿನವರೆಗೆ ಹೇಳಿದೆ. ಎರಡನೆಯ ತಿರುವಿನಲ್ಲಿ ನೀರು ಒಂದು ಕಾಂಪೌಂಡಿನ ಕೆಳಗೆ ನುಗ್ಗಿ ಮಾಯವಾಯಿತು. ಅಲ್ಲಿಂದ ಮುಂದಿನ ದಾರಿ ನನಗೆ ಗೊತ್ತಿರಲಿಲ್ಲ. ಅವಳು ನನ್ನ ಮುಖ ನೋಡುತ್ತಲೇ ನಿಂತಿದ್ದಳು.