ಪ್ರಿಸಂ ಇಲ್ಲದ ಗೋಪುರ

ಹಳೆಯ ಕ್ಯಾಮೆರಾಗಳ ನೆತ್ತಿಯ ಮೇಲೆ ಗೋಪುರದ ಹಾಗೆ ಒಂದು ಉಬ್ಬು ಇರುತ್ತಿತ್ತಲ್ಲ, ಅದು ಅಂದಕ್ಕೆ ಇಟ್ಟದ್ದಲ್ಲ. ಲೆನ್ಸಿನಿಂದ ಬಂದ ಬೆಳಕು ಕನ್ನಡಿಗೆ ತಾಗಿ ಮೇಲಕ್ಕೇರಿ, ಅಲ್ಲಿ ಕೂತಿದ್ದ ಗಾಜಿನ ಪ್ರಿಸಂನೊಳಗೆ ಹೊರಳಾಡಿ, ಎಡಬಲ ನೆಟ್ಟಗಾಗಿ ನಮ್ಮ ಕಣ್ಣಿಗೆ ಬರುತ್ತಿತ್ತು. ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿಯೇ ಇಲ್ಲವೆಂದ ಮೇಲೆ ಪ್ರಿಸಂಗೇನು ಕೆಲಸ? ಸೆನ್ಸರ್ ಕಂಡದ್ದನ್ನು ಪುಟಾಣಿ ಪರದೆಯೊಂದು ಕಣ್ಣಿಗೆ ತೋರಿಸುತ್ತದೆ. ಹಾಗಿದ್ದೂ 2023ರ ಸೆಪ್ಟೆಂಬರಿನಲ್ಲಿ ನಿಕಾನ್ ಕಂಪನಿ ಜೆಡ್‌ಎಫ್ ಎಂಬ ಕ್ಯಾಮೆರಾ ತಂದಾಗ ಅದರ ನೆತ್ತಿಯ ಮೇಲೆ ಅದೇ ಉಬ್ಬು ಇತ್ತು. 1982ರ ತನ್ನದೇ ಎಫ್‌ಎಂ2 ಕ್ಯಾಮೆರಾದ ಅಚ್ಚು. ದೇವರು ಎದ್ದುಹೋದ ಮೇಲೂ ಗೋಪುರಕ್ಕೆ ಸುಣ್ಣ ಬಳಿದ ಹಾಗೆ.

ಇಷ್ಟು ಹೇಳಿದೆನೆಂದು ನನ್ನನ್ನು ಆ ಕ್ಯಾಮೆರಾದ ವೈರಿಗಳ ಸಾಲಿಗೆ ಸೇರಿಸಬೇಡಿ. ಚಂದ ಕಾಣುವುದು ತಪ್ಪು ಅಂತ ಯಾರೂ ಹೇಳಿಲ್ಲ. ಕೈಗಡಿಯಾರವನ್ನು ಹೊತ್ತು ನೋಡುವುದಕ್ಕೆಂದೇ ಕೊಳ್ಳುವವರು ಈಗ ಎಷ್ಟು ಜನ? ಆದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾಕ್ಕೇ ಬಿಡುಗಡೆಯ ಹೊತ್ತಿಗೆ ನಮ್ಮಲ್ಲಿ ಒಂದೂಮುಕ್ಕಾಲು ಲಕ್ಷದ ಆಸುಪಾಸು ಬೆಲೆ ಇಟ್ಟ ವಸ್ತುವನ್ನು ಚಂದಕ್ಕೊಂದು ಸಲ, ಕೆಲಸಕ್ಕೊಂದು ಸಲ ತಿರುಗಿಸಿ ನೋಡುವುದು ಲೋಕರೂಢಿ.

ಕೆಲಸದ ಮಾತು ಬೇಗ ಮುಗಿಯುತ್ತದೆ, ಯಾಕೆಂದರೆ ಅಲ್ಲಿ ಜಗಳವೇ ಇಲ್ಲ. 24.5 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಸೆನ್ಸರ್. ಅದರ ಹಿಂದೆ ನಿಕಾನ್ ತನ್ನ ದುಬಾರಿ ಜೆಡ್9ರಲ್ಲಿ ಹಾಕಿದ ಎಕ್ಸ್‌ಪೀಡ್ 7 ಪ್ರೊಸೆಸರ್. ಮನುಷ್ಯರ ಕಣ್ಣು, ನಾಯಿಯ ಕಣ್ಣು, ಹಕ್ಕಿಯ ಕಣ್ಣು ತಾನೇ ಹುಡುಕಿ ಹಿಡಿಯುತ್ತದೆ. ಕೈ ನಡುಗಿದರೂ ಎಂಟು ಸ್ಟಾಪಿನಷ್ಟು ಸಂಭಾಳಿಸುತ್ತದೆ ಎಂದು ಕಂಪನಿಯ ಮಾತು. ಮೂಡಿಗೆರೆಯ ತೇಜಸ್ವಿಯವರು ರೀಲಿನ ಕಾಲದಲ್ಲಿ ಹಕ್ಕಿಗಳ ಹಿಂದೆ ಅಲೆದದ್ದನ್ನು ಓದಿ ಬೆಳೆದವರಿಗೆ, ಪೊದೆಯೊಳಗಿನ ಪಿಕಳಾರದ ಕಣ್ಣಿನ ಮೇಲೆ ಚೌಕಟ್ಟೊಂದು ತಾನಾಗಿ ಬಂದು ಕೂರುವುದನ್ನು ಕಂಡರೆ ಸಂತೋಷಕ್ಕಿಂತ ಮೊದಲು ಒಂದು ತೆರನ ಹೊಟ್ಟೆಕಿಚ್ಚು ಹುಟ್ಟುತ್ತದೆ. ಅವರ ಪರವಾಗಿ.

ಇರಲಿ. ನನ್ನ ತಕರಾರು ಇರುವುದು ಡಯಲ್‌ಗಳ ಬಗ್ಗೆ.

ಡಯಲ್‌ಗಳು ಹಿತ್ತಾಳೆಯವು. ತಿರುಗಿಸಿದರೆ ಬೆರಳಿಗೆ ಕಟಕಟ ಎಂದು ಹತ್ತುವ ಆ ಹಿತವನ್ನು ನಾನು ಅಲ್ಲಗಳೆಯುವುದಿಲ್ಲ. ಕ್ಯಾಮೆರಾ ಆರಿಸಿಟ್ಟಾಗಲೂ ಶಟರ್ ಎಲ್ಲಿದೆ, ಐಎಸ್‌ಒ ಎಷ್ಟಿದೆ ಎಂದು ಮೇಲಿನಿಂದ ನೋಡಿದರೇ ತಿಳಿಯಬೇಕು; ಡಯಲ್ ಇರುವುದೇ ಅದಕ್ಕೆ. ಎಫ್‌ಎಂ2ರಲ್ಲಿ ಡಯಲ್ ಸುಳ್ಳು ಹೇಳುವ ಹಾಗೇ ಇರಲಿಲ್ಲ. 250ಕ್ಕೆ ತಿರುಗಿಸಿದರೆ ಒಳಗಿನ ಯಂತ್ರವೂ ಅಲ್ಲೇ ಹೋಗಿ ನಿಲ್ಲುತ್ತಿತ್ತು. ಬ್ಯಾಟರಿ ಸತ್ತರೂ ಶಟರ್ ಹೊಡೆಯುತ್ತಿತ್ತು. ಬ್ಯಾಟರಿ ಬೇಕಿದ್ದದ್ದು ಬೆಳಕು ಅಳೆಯುವುದಕ್ಕೆ ಮಾತ್ರ. ಜೆಡ್‌ಎಫ್‌ನಲ್ಲಿ ಐಎಸ್‌ಒ ಡಯಲ್‌ನ ಕೆಳಗೆ ಒಂದು ಸಣ್ಣ ಕಡ್ಡಿ ಇದೆ. ಅದನ್ನು ‘ಎ’ಗೆ, ಅಂದರೆ ಅಪರ್ಚರ್ ನನ್ನದು ಶಟರ್ ನಿನ್ನದು ಎನ್ನುವ ಮೋಡ್‌ಗೆ, ಸರಿಸಿದಿರೋ, ಶಟರ್ ಡಯಲ್ ಅಲ್ಲೇ ನಿರುದ್ಯೋಗಿ. ಅದು 250 ಎಂದು ಎದೆ ತಟ್ಟಿಕೊಳ್ಳುತ್ತಿರುತ್ತದೆ, ಕ್ಯಾಮೆರಾ ಒಳಗೆ 60ರಲ್ಲಿ ಹೊಡೆಯುತ್ತಿರುತ್ತದೆ. ಸಂಜೆಯ ಮಂದ ಬೆಳಕಿನಲ್ಲಿ ಡಯಲ್ ನಂಬಿ ಓಡುವ ಮಗುವಿನ ಚಿತ್ರ ತೆಗೆದರೆ ಮಗು ಮಂಜಾಗಿ ಹೋಗುತ್ತದೆ.

ಇದಕ್ಕೆ ಪರಿಹಾರ ಇರಲಿಲ್ಲವೇ? ಫ್ಯೂಜಿಫಿಲ್ಮ್‌ನವರ ಎಕ್ಸ್‌-ಟಿ5 ನೋಡಿ. ಅಲ್ಲಿ ಆ ಕಡ್ಡಿಯ ಗೊಡವೆಯೇ ಇಲ್ಲ. ಶಟರ್, ಐಎಸ್‌ಒ ಎರಡೂ ಡಯಲ್‌ಗಳಲ್ಲಿ ‘ಎ’ ಎಂಬ ಗುರುತು. ಅಲ್ಲಿಟ್ಟರೆ ಕ್ಯಾಮೆರಾದ ಇಷ್ಟ, ಅಂಕಿಯ ಮೇಲಿಟ್ಟರೆ ನಿಮ್ಮ ಇಷ್ಟ. ಗುಟ್ಟಿಲ್ಲ, ಗೊಂದಲವಿಲ್ಲ. ಫ್ಯೂಜಿಯವರ ಮಾತೂ ಬೇಡ. ನಿಕಾನ್‌ನದೇ 1978ರ ಎಫ್‌ಇ ಕ್ಯಾಮೆರಾದ ಶಟರ್ ಡಯಲ್‌ನಲ್ಲಿ ಆಟೋ ಎಂಬ ಜಾಗ ಇತ್ತು! ಅಜ್ಜನಿಗೆ ಗೊತ್ತಿದ್ದ ಉಪಾಯವನ್ನು ಮೊಮ್ಮಗ ಮರೆತ. ಅಜ್ಜನ ವೇಷ ಹಾಕಿಕೊಳ್ಳುವ ಗಡಿಬಿಡಿಯಲ್ಲಿ ಅಜ್ಜನ ಬುದ್ಧಿ ಕೇಳುವುದಕ್ಕೆ ಪುರಸೊತ್ತಾಗಲಿಲ್ಲ ಅಂತ ಕಾಣುತ್ತದೆ.

ಲೆನ್ಸಿನ ಕಥೆಯೂ ಹಾಗೇ. ಜೆಡ್‌ಎಫ್ ಜೊತೆಗೆ ಮಾರುವ 40 ಮಿಮೀ ಎಸ್‌ಇ ಲೆನ್ಸ್ ನೋಡುವುದಕ್ಕೆ ಎಂಬತ್ತರ ದಶಕದ ಹಳೆಯ ನಿಕ್ಕೋರ್ ಹಾಗೇ ಇದೆ, ಹಗುರವಾಗಿದೆ, ಚಿತ್ರವೂ ಚೆನ್ನ. ಆದರೆ ಅದರ ಮೇಲೆ ಅಪರ್ಚರ್ ರಿಂಗ್ ಇಲ್ಲ. ಅಪರ್ಚರ್ ಎಷ್ಟೆಂದು ಹೇಳಲು ಕ್ಯಾಮೆರಾದ ಮೇಲೆ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದೊಂದು ಎಲ್‌ಸಿಡಿ ಕಿಟಕಿ ಇಟ್ಟಿದ್ದಾರೆ. ಮೂರು ಹಿತ್ತಾಳೆ ಡಯಲ್‌ಗಳ ನಡುವೆ ಮಿಣುಕುವ ಅಂಕಿಯೊಂದು! ಛಲ ಹಿಡಿದವರು ಎಫ್‌ಟಿಜೆಡ್ ಅಡಾಪ್ಟರ್ ಹಾಕಿ ಮನೆಯ ಟ್ರಂಕಿನಲ್ಲಿದ್ದ ಹಳೆಯ 50 ಮಿಮೀ ಲೆನ್ಸನ್ನೇ ಸಿಕ್ಕಿಸುತ್ತಾರೆ. ಫೋಕಸ್ ಕೈಯಲ್ಲೇ ತಿರುಗಿಸಬೇಕು. ಆಗ ನೋಡಿ, ಕ್ಯಾಮೆರಾ ನಿಜಕ್ಕೂ ಮಾತು ಕೇಳುತ್ತದೆ.

ಭಾರದ ಮಾತು ಬಂದರೆ, ಎಫ್‌ಎಂ2 540 ಗ್ರಾಂ ಇತ್ತು, ಇದು ಬ್ಯಾಟರಿ ಕಾರ್ಡು ಸೇರಿ 710. ಮುಂಭಾಗದಲ್ಲಿ ಬೆರಳು ಊರಲು ಹೆಸರಿಗಷ್ಟೇ ಒಂದು ಸಣ್ಣ ಗ್ರಿಪ್. ದಪ್ಪದೊಂದು ಝೂಮ್ ಹಾಕಿದರೆ ಮಣಿಕಟ್ಟು ನೋಯುತ್ತದೆ. ದೊಡ್ಡ ಗ್ರಿಪ್ಪನ್ನು ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬಹುದು, ಆದರೆ ಹಾಕಿಸಿದರೆ ರೂಪ ಹೋಯಿತು. ರೂಪಕ್ಕಾಗಿಯೇ ಅಲ್ಲವೇ ಕೊಂಡದ್ದು?

ಒಂದನ್ನು ಮಾತ್ರ ಬಾಯ್ತುಂಬ ಹೊಗಳುತ್ತೇನೆ: ಶಟರ್ ಡಯಲ್‌ನ ಕೆಳಗಿರುವ ಕಪ್ಪು-ಬಿಳುಪಿನ ಕಡ್ಡಿ. ಒಂದು ತಳ್ಳು, ಫೈಂಡರಿನೊಳಗಿನ ಲೋಕದ ಬಣ್ಣವೆಲ್ಲ ಇಳಿದುಹೋಗುತ್ತದೆ. ಹಿಂದೆ ಕಪ್ಪು-ಬಿಳುಪು ಎನ್ನುವುದು ರೀಲು ತುಂಬುವಾಗಲೇ ಆಗುವ ತೀರ್ಮಾನ, ಮೂವತ್ತಾರು ಚಿತ್ರ ಮುಗಿಯುವವರೆಗೆ ಬಿಡುಗಡೆ ಇಲ್ಲ. ಈಗ ‘ರಾ’ ಫೈಲಿನಲ್ಲಿ ಬಣ್ಣ ಹಾಗೇ ಉಳಿದಿರುತ್ತದಾದ್ದರಿಂದ ಬೇಕಾದರೆ ಮಾತು ಬದಲಿಸಬಹುದು. ಆದರೂ ನೆರಳು ಎಲ್ಲಿ ಬಿತ್ತು, ಗೋಡೆಯ ಸುಣ್ಣ ಎಲ್ಲಿ ಕಿತ್ತುಬಂತು ಎಂದು ಕಣ್ಣು ಹುಡುಕತೊಡಗುವುದು ಬಣ್ಣ ಇಳಿದ ಮೇಲೆಯೇ.

ನಮ್ಮೂರಿನ ಸ್ಟುಡಿಯೋದವರೊಬ್ಬರು ಈ ಕ್ಯಾಮೆರಾ ಕೊಂಡಿದ್ದಾರೆ. ಮದುವೆಗಳಿಗೆ ತಗೊಂಡು ಹೋಗ್ತೀರಾ ಅಂತ ಕೇಳಿದೆ. “ಅಯ್ಯೋ ಇಲ್ಲ ಸಾರ್. ಇದರ ಎರಡನೇ ಕಾರ್ಡು ಮೈಕ್ರೋ ಎಸ್‌ಡಿ. ಅದೂ ಬ್ಯಾಟರಿ ಜೊತೆ ತಳದಲ್ಲಿ, ಟ್ರೈಪಾಡ್ ಪ್ಲೇಟ್ ಬಿಚ್ಚದೆ ಬಾಗಿಲು ತೆಗೆಯೋಕಾಗಲ್ಲ. ನಾನು ಉಗುರಲ್ಲಿ ಕಾರ್ಡು ಕೀಳೋ ಹೊತ್ತಿಗೆ ಅಲ್ಲಿ ಧಾರೆ ಮುಗಿದಿರತ್ತೆ.”

“ಮತ್ತೆ ಯಾಕೆ ತಗೊಂಡ್ರಿ?”

“ಆಷಾಢಕ್ಕೆ ಸಾರ್.”

ಆಷಾಢದಲ್ಲಿ ಮದುವೆ ಇಲ್ಲ, ಅವರಿಗೆ ಬಿಡುವು. 40 ಮಿಮೀ ಲೆನ್ಸ್ ಹಾಕಿ, ಐಎಸ್‌ಒ ಡಯಲ್ ಕೆಳಗಿನ ಆ ಕಡ್ಡಿಯನ್ನು ‘ಎಂ’ಗೆ ಸರಿಸಿಬಿಡುತ್ತಾರೆ, ಅಲ್ಲಿಟ್ಟರೆ ಶಟರ್ ಡಯಲ್ ಹೇಳಿದ್ದೇ ನಿಜ. ಹಾಗೇ ಸಂತೆಗೆ ಹೊರಡುತ್ತಾರೆ. ದೊಡ್ಡ ಕರಿ ಕ್ಯಾಮೆರಾ ಕಂಡರೆ ಪೇಪರಿನವರು ಬಂದರೆಂದು ಸೆರಗು ಸರಿಮಾಡಿಕೊಳ್ಳುವ ಜನ ಇದನ್ನು ಕಂಡರೆ ಅಷ್ಟಾಗಿ ಬಿಗಿಯುವುದಿಲ್ಲವಂತೆ. ಸೊಪ್ಪಿನ ಅಜ್ಜಿಯೊಬ್ಬರು “ಇದಕ್ಕೆ ಇನ್ನೂ ರೀಲು ಸಿಕ್ತದಾ ಮಗಾ?” ಅಂದರಂತೆ. ಇವರು ಹೂಂ ಅಂದುಬಿಟ್ಟರಂತೆ. ವಿವರಿಸುತ್ತ ನಿಂತರೆ ಬೆಳಕು ಹೋಗುತ್ತಿತ್ತು.